ಗಡಿ ದಾಟುವ ಕಿರುದಾರಿಗಳು

ಜರ್ಮನಿಯ ಪಶ್ಚಿಮ ತುದಿಯ ನಗರ ಆಖೆನ್. ಅಲ್ಲಿಂದ ಬೈಕಿನಲ್ಲಿ ಹತ್ತು ಹದಿನೈದು ನಿಮಿಷ ಹೋದರೆ ನೆದರ್ಲೆಂಡ್ಸ್ ಬರುತ್ತದೆ, ಇನ್ನೊಂದು ದಿಕ್ಕಿಗೆ ಅಷ್ಟೇ ಹೊತ್ತು ಹೋದರೆ ಬೆಲ್ಜಿಯಂ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಲಕ್ಸೆಂಬರ್ಗನ್ನೂ ಮುಟ್ಟಬಹುದು. ಹೆದ್ದಾರಿಯಲ್ಲಿ ಹೋಗುವವರಿಗೆ ಈ ದೇಶಗಳ ಹೆಸರು ನೀಲಿ ಫಲಕದ ಮೇಲೆ ಕಂಡು ಕ್ಷಣದಲ್ಲಿ ಹಿಂದೆ ಸರಿಯುತ್ತದೆ. ಹಳ್ಳಿ, ಹುಲ್ಲುಗಾವಲು, ಕಾಡುಗಳ ನಡುವಿನ ಕಿರುದಾರಿ ಹಿಡಿದವರಿಗೆ ಮಾತ್ರ ಗಡಿ ಅಂದರೇನು, ಅದು ಯಾರ ಬದುಕಿನ ಮೇಲೆ ಹೇಗೆ ಹಾದುಹೋಯಿತು ಅನ್ನುವುದು ತಿಳಿಯುತ್ತದೆ. 2019ರ ಜೂನ್ ತಿಂಗಳ ಒಂದು ಶನಿವಾರ ನನಗೆ ಅದು ತಿಳಿದ ದಿನ.

ಆಗ ನಾನು ಆಖೆನ್‌ನಲ್ಲಿ ಕೆಲಸಕ್ಕಿದ್ದೆ. ಭಾರತದ ಲೈಸೆನ್ಸು ಜರ್ಮನಿಯಲ್ಲಿ ನಡೆಯುವುದು ಅಲ್ಲಿ ವಾಸಕ್ಕೆ ಹೋದ ಮೊದಲ ಆರು ತಿಂಗಳು ಮಾತ್ರ. ಆಮೇಲೆ ಲಿಖಿತ ಪರೀಕ್ಷೆ, ರಸ್ತೆಯ ಪರೀಕ್ಷೆ ಎರಡನ್ನೂ ಹೊಸದಾಗಿ ಪಾಸು ಮಾಡಬೇಕು. ಅದನ್ನು ಮುಗಿಸಿ ಒಂದು ಸೆಕೆಂಡ್ ಹ್ಯಾಂಡ್ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಕೊಂಡಿದ್ದೆ. ಚೆನ್ನೈನಲ್ಲಿ ತಯಾರಾದ ಗಾಡಿ ಅಷ್ಟು ದೂರದ ಊರಿನ ಚಳಿಯಲ್ಲಿ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುವಾಗ ಮನಸ್ಸಿಗೆ ಏನೋ ಧೈರ್ಯ.

ಜೊತೆಗೆ ಬಂದವರು ಆಫೀಸಿನ ಹಿರಿಯ ಸಹೋದ್ಯೋಗಿ. ಅರವತ್ತರ ಹತ್ತಿರದ ವಯಸ್ಸು, ಹಳೆಯ ಬಿಎಂಡಬ್ಲ್ಯು ಬೈಕು. ಬೆಲ್ಜಿಯಂನ ಓಯ್ಪೆನ್ ಊರಿನವರಾದರೂ ಅವರ ಮನೆಮಾತು ಜರ್ಮನ್. ಹಿಂದಿನ ದಿನವೇ ಅವರು ಕಾಗದದ ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ದಾರಿ ಗುರುತು ಮಾಡಿ ತಂದಿದ್ದರು. ಹೆದ್ದಾರಿಯ ದಪ್ಪ ಗೆರೆಗಳನ್ನೆಲ್ಲ ಬಿಟ್ಟು ಸಣ್ಣ ಹಳದಿ, ಬಿಳಿ ಗೆರೆಗಳ ಮೇಲೇ ಅವರ ಪೆನ್ಸಿಲು ಓಡಾಡಿತ್ತು. ಒಟ್ಟು ಮುನ್ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ, ನಾಲ್ಕು ದೇಶ. ಜೂನ್‌ನಲ್ಲಿ ಅಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುವುದರಿಂದ ಅವಸರ ಮಾಡುವ ಅಗತ್ಯವಿರಲಿಲ್ಲ.

ಹೊರಡುವ ಮುಂಚೆ ಊರಿಗೆ ಫೋನು ಮಾಡಿದ್ದೆ. ನಾಲ್ಕು ದೇಶ ಅಂದ ಕೂಡಲೇ ಅವ್ವ ಕೇಳಿದ್ದು ಒಂದೇ ಮಾತು: "ಪಾಸ್‌ಪೋರ್ಟ ಇಟ್ಕೊಂಡೀಯಿಲ್ಲೋ? ಯಾರರ ಕೇಳಿದ್ರ ಏನ ತೋರಸ್ತಿ?" ಜಾಕೆಟ್ಟಿನ ಒಳಜೇಬಿನಲ್ಲಿ ಪಾಸ್‌ಪೋರ್ಟೂ ವಾಸದ ಪರವಾನಗಿಯೂ ಇದ್ದವು. ವೀಸಾಕ್ಕೆಂದು ಕಾಗದದ ಕಟ್ಟು ಹಿಡಿದು ಸಾಲಿನಲ್ಲಿ ನಿಂತು ಬಂದವನಿಗೆ ಆ ಜೇಬನ್ನು ಆಗಾಗ ಮುಟ್ಟಿ ನೋಡಿಕೊಳ್ಳುವ ಅಭ್ಯಾಸ ಬಿಡುವುದು ಕಷ್ಟ.

ಮೊದಲು ಬಂದದ್ದು ವಾಲ್ಸ್ ಎಂಬ ಡಚ್ ಊರು. ಅಂಗಡಿ ಬೋರ್ಡಿನ ಭಾಷೆ ಬದಲಾದದ್ದರಿಂದಲೇ ದೇಶ ಬದಲಾಯಿತು ಅಂತ ಗೊತ್ತಾಯಿತು. ಊರ ಹಿಂದೆ ಕಾಡಿನ ನಡುವೆ ಗುಡ್ಡ ಹತ್ತುವ ರಸ್ತೆ. ಗುಡ್ಡದ ಎತ್ತರ 322 ಮೀಟರ್. ಯುರೋಪಿನ ನೆಲದಲ್ಲಿರುವ ನೆದರ್ಲೆಂಡ್ಸಿಗೆ ಅದೇ ಅತ್ಯಂತ ಎತ್ತರದ ಜಾಗ. ಅದರ ನೆತ್ತಿಯಲ್ಲಿ ಜರ್ಮನಿ, ಬೆಲ್ಜಿಯಂ, ನೆದರ್ಲೆಂಡ್ಸ್ ಮೂರೂ ಕೂಡುತ್ತವೆ. ಆದರೆ ಮೇಲಕ್ಕೆ ಹೋಗುವ ರಸ್ತೆಗೆ ಇಂದಿಗೂ ನಾಲ್ಕು ಗಡಿಗಳ ರಸ್ತೆ ಎಂದೇ ಹೆಸರು. ನಾಲ್ಕನೆಯದು ಯಾವುದು ಎಂದು ಕೇಳಿದೆ. "ಕೆಳಗಿಳಿಯೋಣ, ತೋರಿಸುತ್ತೇನೆ" ಅಂದರು.

ಬೆಲ್ಜಿಯಂ ಕಡೆಗೆ ಇಳಿಯುವ ಕಿರುದಾರಿಯಲ್ಲಿ ಒಂದು ಕಡೆ ಅವರು ಬೈಕು ನಿಲ್ಲಿಸಿ ರಸ್ತೆಯನ್ನೇ ತೋರಿಸಿದರು. ರಸ್ತೆಗೆ ಅಡ್ಡಲಾಗಿ ಎರಡು ಬೆರಳು ಅಗಲದ ಡಾಂಬರಿನ ಗೆರೆ, ಹರಿದ ಬಟ್ಟೆಗೆ ಹಾಕಿದ ಹೊಲಿಗೆಯ ಹಾಗೆ. ಗೆರೆಯ ಈಚೆಗೆ ನುಣುಪಾದ ಕಪ್ಪು ಡಾಂಬರು, ಆಚೆಗೆ ಜಲ್ಲಿ ಎದ್ದ ಬೂದು ಬಣ್ಣದ ರಸ್ತೆ. ಒಂದು ದೇಶದ ಗುತ್ತಿಗೆದಾರನ ಕೆಲಸ ಮುಗಿದ ಜಾಗದಿಂದ ಇನ್ನೊಂದು ದೇಶದವನ ಕೆಲಸ ಶುರು. ಸೈನಿಕನಿಲ್ಲ, ಗೇಟಿಲ್ಲ, ಬಾವುಟವೂ ಇಲ್ಲ. ಬೈಕು ಅದರ ಮೇಲೆ ಹಾಯುವಾಗ ಚಕ್ರದ ಸದ್ದು ಬದಲಾಗುತ್ತದೆ, ಹ್ಯಾಂಡಲ್ಲಿನಲ್ಲಿ ಸಣ್ಣ ನಡುಕ ಬರುತ್ತದೆ. ಊರ ಹೊರಗಿನ ವೇಗದ ಮಿತಿ ನೆದರ್ಲೆಂಡ್ಸಿನಲ್ಲಿ 80, ಬೆಲ್ಜಿಯಂನ ಈ ಭಾಗದಲ್ಲಿ 90, ಜರ್ಮನಿಗೆ ಬಂದರೆ 100. ಬೆಲ್ಜಿಯಂನಲ್ಲಿ ಬೈಕಿನವರಿಗೆ ಹೆಲ್ಮೆಟ್ಟಿನ ಜೊತೆ ಕೈಗವಸು, ತುಂಬುತೋಳಿನ ಜಾಕೆಟ್ಟು, ಕಣಕಾಲು ಮುಚ್ಚುವ ಬೂಟು ಕೂಡ ಕಡ್ಡಾಯ. ಅಂದರೆ ದೇಶಗಳು ತಮ್ಮ ಕಾನೂನನ್ನು ಬಿಟ್ಟುಕೊಟ್ಟಿಲ್ಲ, ಬಾಗಿಲನ್ನು ಮಾತ್ರ ತೆಗೆದಿಟ್ಟಿವೆ.

ನಾಲ್ಕನೆಯ ಗಡಿಯ ಕಥೆ ಕೆಲ್ಮಿಸ್ ಊರಿನದು. ನೆಪೋಲಿಯನ್ ಸೋತ ಮೇಲೆ ನಕ್ಷೆ ಹೊಸದಾಗಿ ಬರೆಯುವಾಗ ಇಲ್ಲಿಯ ಸತುವಿನ ಗಣಿ ಯಾರಿಗೆ ಎಂಬ ಪ್ರಶ್ನೆ ಎದ್ದಿತು. ಪ್ರಷ್ಯಾ ಮತ್ತು ನೆದರ್ಲೆಂಡ್ಸ್ ಎರಡೂ ಬಿಟ್ಟುಕೊಡಲು ಒಪ್ಪದ್ದರಿಂದ 1816ರಲ್ಲಿ ಸುಮಾರು ಮೂರೂವರೆ ಚದರ ಕಿಲೋಮೀಟರ್ ಜಾಗವನ್ನು ಯಾರಿಗೂ ಸೇರದ ತಟಸ್ಥ ನೆಲ ಮಾಡಿದರು. ತಾತ್ಕಾಲಿಕ ಎಂದುಕೊಂಡ ಆ ಏರ್ಪಾಡು ಒಂದು ಶತಮಾನಕ್ಕೂ ಹೆಚ್ಚು ಉಳಿಯಿತು. 1885ರಲ್ಲಿ ಗಣಿಯೇ ಬರಿದಾಯಿತು, ತಟಸ್ಥ ನೆಲ ಮಾತ್ರ ಹಾಗೇ ಇತ್ತು. ಅಲ್ಲಿಯ ವೈದ್ಯರೊಬ್ಬರು 1908ರಲ್ಲಿ ಅದನ್ನು ಎಸ್ಪೆರಾಂಟೊ ಮಾತನಾಡುವ ದೇಶವನ್ನಾಗಿ ಮಾಡಲು ಹೊರಟಿದ್ದರು. ಮೊದಲ ಮಹಾಯುದ್ಧದ ನಂತರ, 1920ರಲ್ಲಿ, ಅದು ಬೆಲ್ಜಿಯಂಗೆ ಸೇರಿತು. ಗಣಿಯ ಹಳೆಯ ನೆಲದಲ್ಲಿ ಹುಲ್ಲಿನ ನಡುವೆ ಹಳದಿ ಹೂವಿನ ಪುಟ್ಟ ಗಿಡಗಳನ್ನು ಸಹೋದ್ಯೋಗಿ ಬಗ್ಗಿ ತೋರಿಸಿದರು. ಉಗುರಿನಷ್ಟು ದೊಡ್ಡ ಹೂವು, ಎಸಳಿನ ಬುಡದಲ್ಲಿ ಸಣ್ಣ ಕಪ್ಪು ಗೀರು. ಸತು ತುಂಬಿದ ಮಣ್ಣು ಬೇರೆ ಗಿಡಗಳಿಗೆ ವಿಷ, ಈ ವಯೊಲೆಟ್ ಜಾತಿ ಮಾತ್ರ ಅಂಥ ಮಣ್ಣಿಗೆ ಒಗ್ಗಿಕೊಂಡು ಬೆಳೆದಿದೆ.

ಅಲ್ಲಿಂದ ಓಯ್ಪೆನ್. ಬೆಲ್ಜಿಯಂನಲ್ಲಿ ಡಚ್ ಮತ್ತು ಫ್ರೆಂಚಿನ ಜೊತೆಗೆ ಜರ್ಮನ್ ಕೂಡ ಅಧಿಕೃತ ಭಾಷೆ. ಅದನ್ನಾಡುವ ಪ್ರದೇಶದಲ್ಲಿ ಇರುವವರು ಎಂಬತ್ತು ಸಾವಿರದಷ್ಟು ಜನ. ಅಷ್ಟು ಕಡಿಮೆ ಜನಕ್ಕೂ ಓಯ್ಪೆನ್‌ನಲ್ಲಿ ಅವರದೇ ಸಂಸತ್ತಿದೆ, ಶಾಲೆಗಳನ್ನು ನಡೆಸುವ ಅಧಿಕಾರವಿದೆ. ಸಹೋದ್ಯೋಗಿ ತಮ್ಮ ಹಳೆಯ ಮನೆಯ ಮುಂದೆ ಬೈಕು ನಿಲ್ಲಿಸಿ ಅಜ್ಜಿಯ ಕಥೆ ಹೇಳಿದರು. ಅಜ್ಜಿ ಮೊದಲ ಮಹಾಯುದ್ಧಕ್ಕೂ ಮುಂಚೆ ಹುಟ್ಟಿದ್ದು ಜರ್ಮನಿಯ ಪ್ರಜೆಯಾಗಿ. ವರ್ಸೇಲ್ಸ್ ಒಪ್ಪಂದದ ಮೇಲೆ 1920ರಲ್ಲಿ ಬೆಲ್ಜಿಯಂನವಳಾದಳು. 1940ರಲ್ಲಿ ಹಿಟ್ಲರನ ಸೈನ್ಯ ಬಂದಾಗ ಮತ್ತೆ ಜರ್ಮನಿಯವಳು, ಯುದ್ಧ ಮುಗಿದಾಗ ಮತ್ತೆ ಬೆಲ್ಜಿಯಂನವಳು. "ಇಷ್ಟಾಗುವಾಗ ಅವಳು ಮನೆ ಬದಲಿಸಲಿಲ್ಲ. ಅಡುಗೆಮನೆಯ ಒಲೆ ಕೂಡ ಅದೇ" ಅಂದರು.

ನನಗೆ ನಿಪ್ಪಾಣಿ ನೆನಪಾಯಿತು. ನಮ್ಮ ಹಳ್ಳಿ ಅದರ ಪಕ್ಕದ್ದು. ನನ್ನ ಅಜ್ಜಿ ಹುಟ್ಟಿದ್ದು ಮುಂಬಯಿ ಪ್ರಾಂತ್ಯದಲ್ಲಿ. 1956ರಲ್ಲಿ ಅವಳ ಹಳ್ಳಿ ಮೈಸೂರು ರಾಜ್ಯಕ್ಕೆ ಬಂತು, 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ಅವಳೂ ಮನೆ ಬದಲಿಸಲಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಬೀಗರಲ್ಲಿ ಎರಡೂ ಭಾಷೆಯವರು. ಮಹಾರಾಷ್ಟ್ರದೊಂದಿಗಿನ ಗಡಿ ತಂಟೆ ಜೋರಾದಾಗ ಬಸ್ಸುಗಳು ನಿಲ್ಲುತ್ತಿದ್ದವು, ಬೋರ್ಡುಗಳಿಗೆ ಮಸಿ ಬೀಳುತ್ತಿತ್ತು, ಕೊಲ್ಲಾಪುರದ ಆಸ್ಪತ್ರೆಗೆ ಹೋಗಬೇಕಾದವರು ಮನೆಯಲ್ಲೇ ಉಳಿಯುತ್ತಿದ್ದರು. ರಾಜ್ಯದ ಗಡಿಗೂ ದೇಶದ ಗಡಿಗೂ ಅಂತರ ದೊಡ್ಡದು. ಅಲ್ಲಿ ಆದಂಥ ಯುದ್ಧ ನಮ್ಮಲ್ಲಿ ಆಗಿಲ್ಲ. ಆದರೂ ದೂರದ ಊರಿನಲ್ಲಿ ಯಾರೋ ಕೂತು ಎಳೆದ ಗೆರೆ ತಮ್ಮ ಹಿತ್ತಿಲಲ್ಲಿ ಹಾಯ್ದಾಗ ಜನ ಏನು ಮಾಡುತ್ತಾರೆ ಅನ್ನುವುದನ್ನು ನನಗೆ ಯಾರೂ ವಿವರಿಸಬೇಕಿರಲಿಲ್ಲ. ಅಜ್ಜಿಯ ಕಥೆ ಕೇಳಿದ ಸಹೋದ್ಯೋಗಿ ನನ್ನ ಹೆಗಲ ಮೇಲೆ ಕೈಯಿಟ್ಟು "ಹಾಗಾದರೆ ನೀವೂ ನಮ್ಮವರೇ" ಅಂದರು.

ಓಯ್ಪೆನ್ ದಾಟಿದರೆ ರಸ್ತೆ ಕಾಡು ಸೀಳಿಕೊಂಡು ಮೇಲೇರುತ್ತದೆ. ಕಾಡು ಮುಗಿದ ಕೂಡಲೇ ಆಕಾಶ ತೆರೆದುಕೊಂಡು ಎರಡೂ ಕಡೆ ಬಯಲಾಗುತ್ತದೆ. ಅದು ಹೋಹೆಸ್ ಫೆನ್ ಎಂಬ ಜೌಗು. ಸಾವಿರಾರು ವರ್ಷಗಳಿಂದ ಪಾಚಿ ಕೊಳೆತು ಪದರು ಪದರಾಗಿ ಕೂಡಿಕೊಂಡ ನೆಲ, ನಡೆಯುವವರಿಗೆಂದು ಅದರ ಮೇಲೆ ಹಲಗೆಯ ದಾರಿ. ಬೊಟ್ರಾಂಜ್ ಎಂಬಲ್ಲಿ ಬೆಲ್ಜಿಯಂನ ಅತಿ ಎತ್ತರದ ಜಾಗವಿದೆ, 694 ಮೀಟರ್. ಏಳುನೂರು ಮುಟ್ಟಲಿ ಎಂದು 1923ರಲ್ಲಿ ಆರು ಮೀಟರಿನ ದಿಬ್ಬ ಕಟ್ಟಿ ಮೆಟ್ಟಿಲು ಮಾಡಿದ್ದಾರೆ. ಅದಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತದ್ದು ಜೌಗಿನ ಅಂಚಿನ ಕಲ್ಲುಕಂಬಗಳು. ಒಂದು ಮುಖದಲ್ಲಿ ಬೆಲ್ಜಿಯಂನ ಬಿ ಅಕ್ಷರ, ಇನ್ನೊಂದು ಮುಖದಲ್ಲಿ ಪ್ರಷ್ಯಾದ ಪಿ. 1920ರವರೆಗೆ ಗಡಿ ಇಲ್ಲೇ ಇತ್ತು. ಈಗ ಕಂಬದ ಎರಡೂ ಬದಿ ಬೆಲ್ಜಿಯಂ, ಪ್ರಷ್ಯಾ ಎಂಬ ರಾಜ್ಯವೇ ಭೂಮಿಯ ಮೇಲಿಲ್ಲ. ಕಲ್ಲಿನ ಮೇಲೆ ಕೈಯಾಡಿಸಿದೆ. ಕೆತ್ತಿದ ಅಕ್ಷರದ ಗುಂಡಿಯಲ್ಲಿ ಪಾಚಿ ತುಂಬಿ ಹಸಿಯಾಗಿತ್ತು. ಶಾಶ್ವತವೆಂದು ನೆಟ್ಟ ಕಲ್ಲು ಹಾಗೇ ನಿಂತಿದೆ, ಅದು ಕಾಯುತ್ತಿದ್ದ ಗಡಿ ಹೋಗಿಬಿಟ್ಟಿದೆ.

ಬೊಟ್ರಾಂಜ್‌ನಿಂದ ಸಾಂಕ್ಟ್ ಫೀಟ್ ಊರಿನವರೆಗೆ ಹಳ್ಳಿಗಳ ದಾರಿ. ಬೆಲ್ಜಿಯಂ ಹಳ್ಳಿಗಳಲ್ಲಿ ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬಂದವರಿಗೆ ಮೊದಲು ದಾರಿ ಬಿಡಬೇಕು, ಬರುವುದು ಸೈಕಲ್ ಇರಲಿ, ಟ್ರ್ಯಾಕ್ಟರ್ ಇರಲಿ. ಹಾಗಾಗಿ ಪ್ರತಿ ಮೂಲೆಯಲ್ಲೂ ಗೇರು ಇಳಿಸಿ ಕಣ್ಣು ಹಾಯಿಸಬೇಕು. ಈ ನಿಯಮವೇ ನಮ್ಮನ್ನು ನಿಧಾನ ಮಾಡಿ ಊರುಗಳನ್ನು ತೋರಿಸಿತು. ಎದುರಿನಿಂದ ಬರುವ ಬೈಕಿನವರೆಲ್ಲ ಎಡಗೈ ಕೆಳಗಿಳಿಸಿ ಎರಡು ಬೆರಳು ಚಾಚಿ ನಮಸ್ಕಾರ ಹೇಳುತ್ತಿದ್ದರು. ಹೆಲ್ಮೆಟ್ಟಿನೊಳಗಿರುವವರು ಯಾವ ದೇಶದವರು, ಯಾವ ಬಣ್ಣದವರು ಎಂದು ಯಾರಿಗೂ ಕಾಣುವುದಿಲ್ಲ. ಹಾಗೆ ಸಿಕ್ಕ ನಮಸ್ಕಾರ ಪರದೇಶದಲ್ಲಿರುವವನಿಗೆ ತುಂಬ ಬೆಲೆಯುಳ್ಳದ್ದು.

ಸಾಂಕ್ಟ್ ಫೀಟ್‌ನಲ್ಲಿ ಕಾಗದದ ಪೊಟ್ಟಣದಲ್ಲಿ ಬಿಸಿ ಆಲೂಗಡ್ಡೆ ಫ್ರೈಸ್ ತಿಂದೆವು. ಊರೆಲ್ಲ ಹೊಸ ಕಟ್ಟಡಗಳು. 1944ರ ಡಿಸೆಂಬರ್ 16ರಂದು ಪಶ್ಚಿಮ ರಂಗದಲ್ಲಿ ಜರ್ಮನಿಯ ಕೊನೆಯ ದೊಡ್ಡ ದಾಳಿ ಈ ಆರ್ಡೆನ್ ಗುಡ್ಡಗಳಲ್ಲೇ ಶುರುವಾದದ್ದು. ಸಾಂಕ್ಟ್ ಫೀಟ್ ಜರ್ಮನ್ನರ ಕೈಗೆ ಹೋದ ಮೇಲೆ ಮಿತ್ರರಾಷ್ಟ್ರಗಳ ವಿಮಾನಗಳು ಕ್ರಿಸ್‌ಮಸ್ ದಿನ ಮತ್ತು ಮರುದಿನ ಬಾಂಬು ಹಾಕಿದವು. ಊರು ಹೆಚ್ಚೂಕಡಿಮೆ ಪೂರ್ತಿ ನೆಲಸಮವಾಯಿತು. ಹಳೆಯ ಕೋಟೆಗೋಡೆಯ ಒಂದು ಗುಂಡುಗೋಪುರ ಮಾತ್ರ ಇನ್ನೂ ನಿಂತಿದೆ.

ಅಲ್ಲಿಂದ ಮುಂದೆ ದಾರಿ ಕಿರಿದಾಗುತ್ತಾ ಊರೆನ್ ಎಂಬ ಪುಟ್ಟ ಹಳ್ಳಿಗೆ ಇಳಿಯುತ್ತದೆ. ಬೆಲ್ಜಿಯಂ, ಜರ್ಮನಿ, ಲಕ್ಸೆಂಬರ್ಗ್ ಮೂರೂ ಊರ್ ನದಿಯ ದಡದಲ್ಲಿ ಸೇರುವ ಜಾಗ ಹಳ್ಳಿಯ ಪಕ್ಕದಲ್ಲೇ ಇದೆ. ನದಿ ನಮ್ಮ ಕಡೆಯ ಹಳ್ಳದಷ್ಟೇ ಅಗಲ, ನೀರು ಮೊಣಕಾಲು ಮಟ್ಟ. ಇಲ್ಲಿಂದ ಕೆಳಗೆ ಈ ನದಿಯೇ ಜರ್ಮನಿ ಮತ್ತು ಲಕ್ಸೆಂಬರ್ಗಿನ ಗಡಿ. ಆದರೆ ಗಡಿ ನೀರಿನ ನಡುವೆ ಹಾಯುವುದಿಲ್ಲ. ಈ ಎರಡು ದೇಶಗಳ ನಡುವೆ ಗಡಿಯಾಗಿ ಹರಿಯುವಷ್ಟು ದೂರ ನದಿ ಇಬ್ಬರಿಗೂ ಕೂಡಿ ಸೇರಿದ್ದು, ಈ ಏರ್ಪಾಡು 1816ರಿಂದ ಬಂದದ್ದು. ಬೂಟು ಕಳಚಿ ತಣ್ಣನೆಯ ನೀರಿಗಿಳಿದು ನಿಂತೆವು. ಒಂದೇ ಹೊತ್ತಿನಲ್ಲಿ ಎರಡು ದೇಶಗಳ ನೆಲದ ಮೇಲೆ ನಿಂತಿದ್ದೆ, ಎರಡು ಕಾನೂನಿನ ಪ್ರಕಾರವೂ ಸರಿಯಾಗಿಯೇ.

ದಂಡೆಯ ಮೇಲೆ ಕೂತು ಸಹೋದ್ಯೋಗಿ ರಾಬರ್ಟ್ ಶೂಮಾನರ ಮಾತು ತೆಗೆದರು. ಶೂಮಾನ್ ಹುಟ್ಟಿದ್ದು 1886ರಲ್ಲಿ, ಲಕ್ಸೆಂಬರ್ಗಿನಲ್ಲಿ. ತಂದೆಯ ಊರು ಲೊರೇನ್ ಪ್ರಾಂತ್ಯದ್ದು. ಅದು ಫ್ರಾನ್ಸಿನ ಕೈತಪ್ಪಿ ಜರ್ಮನಿಗೆ ಹೋಗಿದ್ದರಿಂದ ಮಗ ಹುಟ್ಟುತ್ತಲೇ ಜರ್ಮನಿಯ ಪ್ರಜೆ. ಮೊದಲ ಮಹಾಯುದ್ಧದ ನಂತರ ಲೊರೇನ್ ಮರಳಿ ಫ್ರಾನ್ಸಿಗೆ ಬಂದಾಗ ಅವರು ಫ್ರೆಂಚರಾದರು. ಮುಂದೆ ಫ್ರಾನ್ಸಿನ ವಿದೇಶಾಂಗ ಮಂತ್ರಿಯಾಗಿ 1950ರ ಮೇ 9ರಂದು ಫ್ರಾನ್ಸ್ ಮತ್ತು ಜರ್ಮನಿಯ ಕಲ್ಲಿದ್ದಲು, ಉಕ್ಕನ್ನು ಒಂದೇ ಆಡಳಿತಕ್ಕೆ ತರುವ ಪ್ರಸ್ತಾಪ ಮುಂದಿಟ್ಟರು. ಯುದ್ಧಕ್ಕೆ ಬೇಕಾದ ಸರಕನ್ನೇ ಕೂಡುಸ್ವತ್ತು ಮಾಡಿದರೆ ಮತ್ತೆ ಯುದ್ಧ ಆಗುವುದಿಲ್ಲ ಎಂಬ ಲೆಕ್ಕಾಚಾರ ಅದು. ಇಟಲಿಯಲ್ಲಿ ಅದನ್ನು ಬೆಂಬಲಿಸಿದ ಆಲ್ಚಿದೆ ದೆ ಗಾಸ್ಪೆರಿ ಕೂಡ ಆಸ್ಟ್ರಿಯಾ ಸಾಮ್ರಾಜ್ಯದ ಪ್ರಜೆಯಾಗಿ ಹುಟ್ಟಿ ಗಡಿ ಸರಿದದ್ದರಿಂದ ಇಟಲಿಯವರಾದವರು. ಗಡಿಯನ್ನು ತೆರೆಯಬೇಕು ಅನ್ನಿಸಿದ್ದು ಗಡಿಯ ಮಕ್ಕಳಿಗೇ. ಮುಂದೆ 1985ರ ಜೂನ್ 14ರಂದು ಲಕ್ಸೆಂಬರ್ಗಿನ ಆಗ್ನೇಯ ತುದಿಯ ಷೆಂಗೆನ್ ಹಳ್ಳಿಯ ಬಳಿ, ಮೊಸೆಲ್ ನದಿಯ ದೋಣಿಯೊಂದರಲ್ಲಿ, ಐದು ದೇಶಗಳು ಗಡಿ ತಪಾಸಣೆ ಬಿಡುವ ಒಪ್ಪಂದಕ್ಕೆ ಸಹಿ ಹಾಕಿದವು. ಅದು ಜಾರಿಗೆ ಬಂದದ್ದು 1995ರ ಮಾರ್ಚ್ 26ರಂದು.

ಲಕ್ಸೆಂಬರ್ಗಿನಲ್ಲಿ ತೆರಿಗೆ ಕಡಿಮೆಯಾದ್ದರಿಂದ ಪೆಟ್ರೋಲು ಅಗ್ಗ. ಗಡಿಯ ಬಂಕುಗಳಲ್ಲಿ ಮೂರು ದೇಶದ ಗಾಡಿಗಳು ಸಾಲುಗಟ್ಟಿರುತ್ತವೆ. ನಾವೂ ಟ್ಯಾಂಕು ತುಂಬಿಸಿಕೊಂಡು ನದಿಯ ಪಕ್ಕದ ರಸ್ತೆ ಹಿಡಿದು ವಿಯಾಂಡೆನ್‌ವರೆಗೆ ಹೋದೆವು. ನದಿ ತಿರುಗಿದಂತೆ ರಸ್ತೆಯೂ ತಿರುಗುತ್ತದೆ. ಒಂದು ತಿರುವಿಗೆ ಬೈಕನ್ನು ವಾಲಿಸಿ ಎತ್ತುವಷ್ಟರಲ್ಲಿ ಇನ್ನೊಂದು ತಿರುವು. ಬೆಲ್ಜಿಯಂನಿಂದ ಹೊರಹಾಕಿಸಿಕೊಂಡ ವಿಕ್ಟರ್ ಹ್ಯೂಗೊ 1871ರಲ್ಲಿ ಕೆಲವು ತಿಂಗಳು ವಾಸವಿದ್ದ ಮನೆ ಅಲ್ಲಿಯ ಸೇತುವೆಯ ಪಕ್ಕದಲ್ಲೇ ಇದೆ. ಗಡಿ ದಾಟಿ ಬಂದು ಆಶ್ರಯ ಕೇಳಿದ ಲೇಖಕನಿಗೆ ಜಾಗ ಕೊಟ್ಟ ಊರೆಂದು ಅದು ಇಂದಿಗೂ ಅಭಿಮಾನ ಪಡುತ್ತದೆ.

ಮರಳುವಾಗ ಜರ್ಮನಿಯ ಐಫೆಲ್ ಗುಡ್ಡಗಾಡು. ಹೊಲೆರಾತ್ ಬಳಿ ಹೊಲದ ನಡುವೆ ಕಾಂಕ್ರೀಟಿನ ಮೊನಚು ಗೂಟಗಳ ಸಾಲು ಕಂಡಿತು. ಹಿಟ್ಲರನ ಕಾಲದಲ್ಲಿ ಟ್ಯಾಂಕುಗಳನ್ನು ತಡೆಯಲು ನೆಟ್ಟವು. ಈಗ ಅವುಗಳ ನಡುವೆ ಮರ ಬೆಳೆದಿದೆ. ಹೋಫೆನ್ ಊರಿನಲ್ಲಿ ಅನೇಕ ಮನೆಗಳಿಗೆ ಪಶ್ಚಿಮದ ಗಾಳಿ ತಡೆಯಲು ಸೂರಿನೆತ್ತರದ ಬೀಚ್ ಮರದ ಬೇಲಿ. ಕಿಟಕಿಗೆ ಬೆಳಕು ಬರಲೆಂದು ಆ ಹಸಿರು ಗೋಡೆಯಲ್ಲಿ ಚೌಕವಾಗಿ ಕಂಡಿ ಕತ್ತರಿಸಿರುತ್ತಾರೆ.

ಸಂಜೆ ಮ್ಯೂಟ್ಸೆನಿಷ್ ತಲುಪಿದೆವು. ಸಹೋದ್ಯೋಗಿಯ ತಾಯಿ ಅಲ್ಲೇ ಇದ್ದರು. ಜರ್ಮನಿಯ ಹಳ್ಳಿಯಾದರೂ ಅದರ ಬದಿಯಲ್ಲಿ ಹಾಯುವ ಫೆನ್‌ಬಾನ್ ರೈಲುದಾರಿಯನ್ನು ವರ್ಸೇಲ್ಸ್ ಒಪ್ಪಂದ ಬೆಲ್ಜಿಯಂಗೆ ಕೊಟ್ಟಿದ್ದರಿಂದ ಹಳ್ಳಿಯ ಸುತ್ತ ಬೆಲ್ಜಿಯಂ. ಹಳಿ ಕಿತ್ತು ಈಗ ಅದು ಸೈಕಲ್ ದಾರಿಯಾಗಿದೆ, ಆದರೂ ಆ ಪಟ್ಟಿಯಷ್ಟು ನೆಲ ಇನ್ನೂ ಬೆಲ್ಜಿಯಂನದೇ. ಆ ತಾಯಿ ಕಾಫಿ, ಸೇಬಿನ ಕೇಕು ಇಟ್ಟು ಹಳೆಯ ಕಥೆ ಹೇಳಿದರು. ಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ಒಂದು ಕಿಲೋ ಕಾಫಿಯ ಮೇಲೆ 10 ಮಾರ್ಕ್ ತೆರಿಗೆ. ಬೆಲ್ಜಿಯಂನಲ್ಲಿ ಕಾಫಿ ಅಗ್ಗ. ಹಾಗಾಗಿ ಗಡಿಯ ಹಳ್ಳಿಗಳಲ್ಲಿ ಮಕ್ಕಳೂ ಮುದುಕರೂ ಕಾಫಿ ಸಾಗಿಸಿದರು. ಹತ್ತು ವರ್ಷದ ಹುಡುಗಿಯಾಗಿದ್ದ ಅವರು ಕೋಟಿನ ಒಳಗೆ ಹೊಲಿದ ಚೀಲದಲ್ಲಿ ಬೀಜ ತುಂಬಿಕೊಂಡು ಅದೇ ಜೌಗಿನಲ್ಲಿ ರಾತ್ರಿ ನಡೆದು ಬರುತ್ತಿದ್ದರಂತೆ. "ಕೆಸರಿನ ಭಯವಿರಲಿಲ್ಲಪ್ಪ, ಬಂದೂಕಿನ ಭಯವಿತ್ತು" ಅಂದರು. ಸುಂಕದವರ ಗುಂಡಿಗೆ ಆ ವರ್ಷಗಳಲ್ಲಿ ಎಷ್ಟೋ ಜನ ಸತ್ತರು. 1953ರಲ್ಲಿ ಸರ್ಕಾರ ತೆರಿಗೆ ಇಳಿಸಿದ ಮೇಲೆಯೇ ಅದು ನಿಂತದ್ದು. ಯುದ್ಧದಲ್ಲಿ ಪುಡಿಯಾದ ಅದೇ ಸೀಮೆಯ ಷ್ಮಿಟ್ ಊರಿನ ಚರ್ಚನ್ನು ಮತ್ತೆ ಕಟ್ಟಲು ಕಾಫಿಯ ಹಣವೂ ನೆರವಾಯಿತೆಂದು ಜನ ಅದನ್ನು ಸಂತ ಮೋಕಾ ಎಂದು ಕರೆಯುತ್ತಾರೆ. ಕಥೆ ಮುಗಿಸಿ ಆ ತಾಯಿ ನನ್ನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದರು. ಬೆಳಗಿನಿಂದ ನನ್ನ ಪಾಸ್‌ಪೋರ್ಟನ್ನು ಯಾರೂ ಕೇಳಿರಲಿಲ್ಲ.

ಮರುವರ್ಷ, 2020ರ ಮಾರ್ಚ್‌ನಲ್ಲಿ, ಕೊರೊನಾ ಬಂತು. ಬೆಲ್ಜಿಯಂ ಗಡಿ ಮುಚ್ಚಿತು. ನಾವು ಓಡಾಡಿದಂಥ ಕಿರುದಾರಿಗಳಿಗೆ ಕಾಂಕ್ರೀಟಿನ ದಿಮ್ಮಿಗಳನ್ನು ತಂದು ಅಡ್ಡ ಇಟ್ಟರು. ಸಹೋದ್ಯೋಗಿ ಕೆಲಸಕ್ಕೆ ಗಡಿ ದಾಟಬಹುದಿತ್ತು, ಹದಿನೈದು ಕಿಲೋಮೀಟರ್ ಆಚೆಗಿನ ತಾಯಿಯನ್ನು ನೋಡಲು ದಾಟುವಂತಿರಲಿಲ್ಲ. ಸೋಂಕು ತಡೆಯಲು ಏನಾದರೂ ಮಾಡಲೇಬೇಕಿತ್ತು, ನಿಜ. ಆದರೆ ಓಯ್ಪೆನ್‌ನಿಂದ ದೂರದ ಬ್ರಸೆಲ್ಸ್‌ಗೆ ಹೋಗುವುದರಲ್ಲಿ ಇಲ್ಲದ ಅಪಾಯ ಗಡಿಯಾಚೆಯ ಪಕ್ಕದ ಹಳ್ಳಿಗೆ ಹೋಗುವುದರಲ್ಲಿ ಹೇಗೆ ಬಂತು ಎಂದು ಅವರು ಫೋನಿನಲ್ಲಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಜೂನ್ 15ರಂದು ಗಡಿ ಪೂರ್ತಿ ತೆರೆಯಿತು. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ನೆಲಗಡಿಗಳಲ್ಲೂ ತಪಾಸಣೆ ಶುರುಮಾಡಿತು.

ತೆರೆದ ಗಡಿ ತಾನಾಗಿ ಬಂದ ವರವಲ್ಲ ಅಂತ ಈಗ ನನಗೆ ಖಚಿತವಾಗಿದೆ. ಮೂರು ಸಲ ಪೌರತ್ವ ಬದಲಾದ ಅಜ್ಜಿಯರು, ಕೋಟಿನೊಳಗೆ ಬೀಜ ಹೊತ್ತ ಹುಡುಗಿಯರು, ಎರಡು ದೇಶಗಳ ನೋವನ್ನು ಮನೆಯೊಳಗೇ ಕಂಡಿದ್ದ ಶೂಮಾನರಂಥವರು ಕಷ್ಟಪಟ್ಟು ಕಟ್ಟಿದ್ದು ಅದು. ಅದನ್ನು ಮುಚ್ಚಲು ಒಂದು ದಿನ ಸಾಕು. ರಾಜಧಾನಿಯಲ್ಲಿ ಕೂತವರಿಗೆ ಗಡಿ ಎಂದರೆ ನಕ್ಷೆಯ ಗೆರೆ. ಗಡಿಯಲ್ಲಿ ಬಾಳುವವರಿಗೆ ಅದು ತಾಯಿಯ ಮನೆಯ ದಾರಿ, ಆಸ್ಪತ್ರೆಯ ದಾರಿ, ಸಂತೆಯ ದಾರಿ. ಗಡಿಯ ವಿಷಯದಲ್ಲಿ ಯಾವ ತೀರ್ಮಾನ ಮಾಡುವುದಿದ್ದರೂ ಮೊದಲು ಅವರನ್ನು ಕೇಳಬೇಕು. ಊರ್ ನದಿಯ ದಂಡೆಯ ಜನರಿಗೆ ಸಲ್ಲುವ ಈ ಮಾತು ನಿಪ್ಪಾಣಿ ಕಡೆಯ ವೇದಗಂಗಾ ನದಿಯ ದಂಡೆಯ ನಮ್ಮ ಜನರಿಗೂ ಸಲ್ಲುತ್ತದೆ.